ಎಲೆ ಬುಟ್ಟಿ ಹೋದ ಕಡೆ ಪೇಟೆ

ಕಡೂರು ಪೇಟೆ ಬೀದಿಯ ಜವಳಿ ಸಾಹುಕಾರನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನು ಸತ್ತು ಬಹಳ ಕಾಲವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗಲೇ ಅವನ ಮುಖಕ್ಕೆ ಆಡಿದ್ದೇನೆ, ಈಗ ಆಡಿದರೆ ಹೊಸದೇನೂ ಅಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಅವನ ಅಂಗಡಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ವೀಳ್ಯದೆಲೆ ಮಾರುತ್ತಿದ್ದೆ. ನನ್ನ ತವರು ಶಿವನಿ. ಅಣ್ಣ ತೋಟದಲ್ಲಿ ಎಲೆ ಕೊಯ್ದು, ಒದ್ದೆ ಗೋಣಿ ಸುತ್ತಿ, ರೈಲಿಗೆ ಹಾಕುತ್ತಿದ್ದ. ಸ್ಟೇಷನ್ನಿನಿಂದ ನಾನು ಬುಟ್ಟಿ ಹೊತ್ತು ತರುತ್ತಿದ್ದೆ. ಗಂಡ ಇದ್ದ. ಇದ್ದ ಎಂದಷ್ಟೇ ಹೇಳಬಹುದು. ಮನೆಯ ಒಲೆ ಉರಿಯುತ್ತಿದ್ದದ್ದು ಆ ಮೆಟ್ಟಿಲಿನಿಂದ. ನನ್ನ ಪಕ್ಕದಲ್ಲಿ ಅರಿಸಿನ ಕುಂಕುಮದವಳು, ಅವಳಾಚೆ ಹೂವಿನವಳು, ಎದುರಿಗೆ ಬಳೆಯವಳು.

ನಮ್ಮ ಕಡೆ ಮದುವೆ ಜವಳಿ ತೆಗೆಯಲು ಬಂದವರು ನೇರವಾಗಿ ಬಟ್ಟೆ ಅಂಗಡಿಗೆ ನುಗ್ಗುವುದಿಲ್ಲ. ಮೊದಲು ಎಲೆ ಅಡಿಕೆ, ಅರಿಸಿನ ಕುಂಕುಮ, ಒಂದು ಮೊಳ ಹೂವು. ಬಿಚ್ಚಿದ ಮೊದಲ ಸೀರೆಯ ಮೇಲೆ ಇವನ್ನಿಟ್ಟು ಕೈಮುಗಿದ ಮೇಲೇ ಬೆಲೆ ಕೇಳುವುದು. ದೇವನೂರಿನವರಿರಲಿ, ಚೌಳಹಿರಿಯೂರಿನವರಿರಲಿ, ಮೊದಲು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಎಲೆ ಹಿಡಿದು ಎದ್ದು ತಲೆ ಎತ್ತಿದರೆ ಸಾಹುಕಾರನ ಬಾಗಿಲು. ಅವನ ಅಂಗಡಿ ತುಂಬುತ್ತಿದ್ದದ್ದು ಹೀಗೆ. ಅವನು ಮಾತ್ರ ತನ್ನ ಗಾಜಿನ ಬೀರು ನೋಡಿ ಜನ ಬರುತ್ತಾರೆ ಅಂದುಕೊಂಡಿದ್ದ.

ಅವನು ಪುರಸಭೆ ಮೆಂಬರಾದ. ಪೇಟೆ ಬೀದಿಯನ್ನು ಉದ್ಧಾರ ಮಾಡುತ್ತೇನೆ ಎಂದು ಹೊರಟ. ಚಪ್ಪಡಿ ಕಲ್ಲು ಹಾಸಿಸಿದ, ಟ್ಯೂಬ್‌ಲೈಟಿನ ಕಂಬ ನೆಡಿಸಿದ, ಸಾಲಾಗಿ ಹೊಂಗೆ ಗಿಡ ಹಾಕಿಸಿದ. ಅಲ್ಲಿಯವರೆಗೂ ಸರಿ. ಆಮೇಲೆ ಒಂದು ಬೆಳಿಗ್ಗೆ ಪುರಸಭೆ ಆಳುಗಳನ್ನು ಕರೆದುಕೊಂಡು ಬಂದು ನಮ್ಮ ಮುಂದೆ ನಿಂತ.

“ಏಳಮ್ಮಾ, ಏಳು. ನಿಮ್ಮ ಕಸ ಬಳ್ದು ಸಾಕಾಗೈತೆ.”

“ಎಲ್ಲಿಗೆ ಹೋಗಾನ ಸಾವ್ಕಾರ್ರೇ?”

“ಎಲ್ಲಿಗಾದ್ರೂ ಹೋಗು. ಪೇಟೆ ಅಂದ್ರೆ ಪೇಟೆ ಇದ್ದಂಗಿರ್ಬೇಕು. ದನದ ಕೊಟ್ಟಿಗೆ ಮಾಡಿಕ್ಕಿದೀರ.”

“ದನ ಯಾರು ಅಂತ ಆಮೇಲೆ ನೋಡಾನ,” ಎಂದೆ.

ಆಳೊಬ್ಬ ನನ್ನ ಬುಟ್ಟಿ ಎತ್ತಿ ಚರಂಡಿಗೆ ಸುರಿದ. ಲಗ್ನದ ಕಾಲದ ಎಲೆ, ಅಣ್ಣ ಹಿಂದಿನ ದಿನ ಕೊಯ್ದದ್ದು, ಕೊಚ್ಚೆಯಲ್ಲಿ ತೇಲಿಹೋಯಿತು. ಸಾಹುಕಾರ ನಕ್ಕ. ಹೂವಿನವಳು ಅತ್ತಳು. ನಾನು ಅಳಲಿಲ್ಲ. ಇವನ ಅಂಗಡಿಗೆ ಬಾಗಿಲು ಹಾಕಿಸದಿದ್ದರೆ ನಾನು ನಮ್ಮಪ್ಪನ ಮಗಳಲ್ಲ ಎಂದುಕೊಂಡೆ.

ನಾವು ನಾಲ್ವರೂ ಚೆದುರಿದರೆ ಸತ್ತೆವು ಎಂದು ಗೊತ್ತಿತ್ತು. ಎಲೆ ಒಂದು ಕಡೆ, ಹೂವು ಇನ್ನೊಂದು ಕಡೆಯಾದರೆ ಹಳ್ಳಿಯವರು ಅಲೆಯುವುದಿಲ್ಲ. ಎಲ್ಲರನ್ನೂ ಎಳೆದುಕೊಂಡು ಬಸ್ ಸ್ಟ್ಯಾಂಡ್ ರಸ್ತೆಗೆ ಹೋದೆ. ಅಲ್ಲೊಬ್ಬ ದರ್ಜಿ ತಗಡಿನ ಮಳಿಗೆಯಲ್ಲಿ ಚಡ್ಡಿ, ಲಂಗ ಹೊಲಿಯುತ್ತಿದ್ದ. “ಕೂತ್ಕಳ್ಳಿ ಅಕ್ಕಾ, ನಂಗೂ ಮಾತಿಗೆ ಜನ ಆಯ್ತದೆ” ಎಂದ. ಮುಂದಿನ ಲಗ್ನದ ಕಾಲಕ್ಕೆ ನಾಲ್ಕಾರು ಸೀರೆ ತಂದಿಟ್ಟ. ಅದರ ಮುಂದಿನದಕ್ಕೆ ಹೊಲಿಗೆ ಮಿಷನ್ನು ಮೂಲೆ ಸೇರಿ ಮಳಿಗೆ ತುಂಬ ಸೀರೆಯೇ ಆಯಿತು.

ಪೇಟೆಯಲ್ಲಿ ಕಂಬದ ದೀಪಗಳು ಉರಿಯುತ್ತಿದ್ದವು, ಕೆಳಗೆ ನಾಯಿಗಳು ಮಲಗುತ್ತಿದ್ದವು. ಅಜ್ಜಂಪುರದಿಂದ, ತರೀಕೆರೆಯಿಂದ ಸಾಹುಕಾರನನ್ನೇ ಹುಡುಕಿಕೊಂಡು ಬರುತ್ತಿದ್ದ ಮನೆತನದವರೂ ಬಸ್ಸಿಳಿದ ಕಡೆಯೇ ಎಲೆ ಕೊಂಡು, ದರ್ಜಿಯ ಹತ್ತಿರ ಜವಳಿ ಮುಗಿಸಿ, ವಾಪಸ್ಸು ಬಸ್ಸು ಹತ್ತಿದರು. ಸಾಹುಕಾರ ಚುನಾವಣೆಯಲ್ಲೂ ಸೋತ. ನಮ್ಮ ಮನೆಯ ವೋಟು ಎಲ್ಲಿ ಬಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದರೂ ಅವನ ತಲೆಗೆ ಹೊಳೆದದ್ದು ಒಂದೇ. ಆ ಜಾಗ ಒಳ್ಳೆಯದು, ಅದಕ್ಕೇ ಜನ ಎಂದುಕೊಂಡ. ದರ್ಜಿಯನ್ನು ಕರೆಸಿ, ನಿನ್ನ ಜಾಗ ನನಗೆ ಬರೆದುಕೊಡು, ನನ್ನ ಪೇಟೆ ಅಂಗಡಿ ನೀನು ಬರೆಸಿಕೋ ಎಂದ. ದರ್ಜಿ ಹೆದರಿ ನನ್ನ ಹತ್ತಿರ ಓಡಿಬಂದ.

“ಅಕ್ಕಾ, ಪೇಟೇಲಿ ನರಪಿಳ್ಳೆ ಸುಳಿಯಲ್ಲ. ಒಪ್ಕಂಡ್ರೆ ಕೆಟ್ಟೆ ಅಲ್ವಾ?”

“ಒಪ್ಕಳೋ.”

“ಒಪ್ಕಂಡು ಚಪ್ಪಡಿ ನೆಕ್ಕಾನ?”

“ಲೇ, ಪತ್ರ ಆಗ್ಲಿ. ಅಲ್ಲೀಗಂಟ ಬಾಯ್ ಮುಚ್ಕಂಡಿರು. ಆಮೇಲೆ ನಾವೂ ಅಲ್ಲಿಗೇ ಬತ್ತೀವಿ.”

ಅರಿಸಿನದವಳಿಗೆ ಬಸ್ ಸ್ಟ್ಯಾಂಡ್ ಬಿಡಲು ಮನಸ್ಸಿರಲಿಲ್ಲ. ಡೀಸೆಲ್ ಹೊಗೆಗೆ ಎಲೆ ಬಾಡುತ್ತಿತ್ತು, ಧೂಳಿಗೆ ಕುಂಕುಮ ಮಂಕಾಗುತ್ತಿತ್ತು, ಆದರೂ ವ್ಯಾಪಾರವಿತ್ತು.

“ನಿನ್ನ ಹಠಕ್ಕೆ ನಮ್ಮ ಹೊಟ್ಟೆ ಮೇಲೆ ಹೊಡೀಬ್ಯಾಡ ಕಣೇ,” ಎಂದಳು.

“ಜನ ಬರ್ನಿಲ್ಲ ಅಂದ್ರೆ ಚಪ್ಲಿ ತಗಂಡು ಹೊಡಿ.”

“ನಂಗೆಲ್ಲೈತೆ ಚಪ್ಲಿ? ಕೊಂಡ್ಕಂಡು ಬಂದಾದ್ರೂ ಹೊಡೀತೀನಿ.”

ಪತ್ರವಾಯಿತು. ದರ್ಜಿ ಸೀರೆ ಗಂಟು ಹೊತ್ತು ಪೇಟೆಗೆ ಹೋಗಿ ನೊಣ ಹೊಡೆಯುತ್ತಾ ಕೂತ. ಸಾಹುಕಾರ ತಗಡು ಕೀಳಿಸಿ ಹೊಸ ಕಟ್ಟಡ ಎಬ್ಬಿಸಿದ. ಅಷ್ಟು ದಿನವೂ ನಾವು ರಸ್ತೆ ಬದಿಯಲ್ಲೇ ಕೂತಿದ್ದೆವು. ಈಗ ನಾವು ಅವನ ಕಣ್ಣಿಗೆ ಕಸವಲ್ಲ. “ಊಟ ಆಯ್ತೇನಮ್ಮಾ” ಎಂದು ಕೇಳುತ್ತಿದ್ದ. ಮಠದ ಸ್ವಾಮಿಗಳನ್ನು ಕರೆಸಿ ಬಾಗಿಲು ತೆರೆಸಿದ ದಿನ ಪೂಜೆಗೆ ಎಲೆಯನ್ನೂ ನನ್ನ ಹತ್ತಿರವೇ ಕೊಂಡ. ಮಂಗಳಾರತಿ ಮುಗಿಯುತ್ತಿದ್ದಂತೆ ನಾವು ನಾಲ್ವರೂ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವನ ಕಣ್ಣೆದುರೇ ಪೇಟೆ ಕಡೆ ನಡೆದೆವು. ಅವನ ಕೈಯಲ್ಲಿ ಪ್ರಸಾದದ ತಟ್ಟೆ ಇತ್ತು. “ಎಲ್ಲಿಗ್ರಮ್ಮಾ?” ಎಂದ. ನಾವು ನಡೆಯುತ್ತಲೇ ಇದ್ದೆವು.

ಮೊದಮೊದಲು ಕಷ್ಟವಾಯಿತು. ಅರಿಸಿನದವಳು ದಿನಾ ಚಪ್ಪಲಿಯ ಮಾತು ತೆಗೆಯುತ್ತಿದ್ದಳು. ಆಮೇಲೆ ಹಳ್ಳಿಯವರು ಎಲೆಯಮ್ಮ ಎಲ್ಲಿ ಎಂದು ಕೇಳಿಕೊಂಡು ಬರತೊಡಗಿದರು. ಎಲೆ ಕೊಂಡು ಎದ್ದರೆ ಎದುರಿಗೆ ದರ್ಜಿಯ ಬಾಗಿಲು. ಜನ ಸೇರಿದ್ದು ಕಂಡು ಮುಚ್ಚಿದ್ದ ಪಾತ್ರೆ ಅಂಗಡಿ ತೆರೆಯಿತು, ಮೂಲೆಯಲ್ಲಿ ಒಂದು ಕಾಫಿ ಹೋಟೆಲು ಬಂತು. ಚಪ್ಪಡಿಯಿಂದಾಗಿ ಮಳೆಯಲ್ಲೂ ಕೆಸರಿಲ್ಲ, ಹೊಂಗೆ ಬೆಳೆದು ನೆರಳು ಕೊಡುತ್ತಿತ್ತು. ಸಾಹುಕಾರ ಮಾಡಿಸಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೂರುವವರನ್ನು ಎಬ್ಬಿಸಿದ್ದೇ ಕೆಟ್ಟದ್ದು. ಅವನೊಬ್ಬನನ್ನು ಬಿಟ್ಟು ಎಲ್ಲರೂ ಆ ಚಪ್ಪಡಿ, ನೆರಳಿನ ಸುಖ ಅನುಭವಿಸಿದೆವು. ಕಡೂರು ಪೇಟೆಯನ್ನು ಉದ್ಧಾರ ಮಾಡಿದ್ದು ಯಾರು ಎಂದು ಕೇಳಿದರೆ, ನನ್ನ ಹೊಟ್ಟೆಯ ಉರಿ ಎಂದೇ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ಅವನೇ ಬಂದು ನನ್ನ ಮುಂದೆ ನಿಂತ. ಸೊರಗಿದ್ದ.

“ಬಸ್ ಸ್ಟ್ಯಾಂಡಿಗೆ ಬಂದು ಕೂತ್ಕಳ್ಳಿ ಕಣಮ್ಮಾ. ಚಪ್ಪರ ಹಾಕಿಸ್ತೀನಿ, ನೀರಿನ ನಲ್ಲಿ ಹಾಕಿಸ್ತೀನಿ. ಹಳೇದು ಮರ್ತುಬಿಡು.”

“ಬತ್ತೀನಿ ಸಾವ್ಕಾರ್ರೇ.”

“ಯಾವತ್ತು ಬತ್ತೀಯ?”

“ನೀವು ಅಂಗಡಿ ಖಾಲಿ ಮಾಡಿದ್ ಮಾರ್ನೇ ದಿನ.”

ಹೂವಿನವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವನು ತಿರುಗಿ ನಡೆದ.

ಮುಂದಿನ ಲಗ್ನದ ಕಾಲ ಮುಗಿಯುವುದರೊಳಗೆ ಬಾಗಿಲು ಹಾಕಿದ. ಆ ಕಟ್ಟಡ ಗೊಬ್ಬರದ ಗೋಡೌನಾಯಿತು. ಖಾಲಿ ಮಾಡಿದರೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೋಗಲಿಲ್ಲ. ಮಾತಿಗೆ ತಪ್ಪಿದೆ ಎಂಬ ಬೇಸರವೂ ನನಗಿಲ್ಲ.