ಪಿಳ್ಳಮ್ಮಕ್ಕನ ಬಿಟ್ಟಿ ನಂಬರು

ಪಿಳ್ಳಮ್ಮಕ್ಕ ಫೋನ್ ಮಾಡಿದರೆ ಎತ್ತಬಾರದು. ವರ್ತೂರಿನ ಅವರ ವಠಾರಕ್ಕೆ ಬಾಡಿಗೆಗೆ ಬಂದವರು ಮೊದಲು ಕಲಿಯುತ್ತಿದ್ದ ಪಾಠ ಇದು. ಒಂದೇ ರಿಂಗಿಗೆ ನಿಂತುಹೋದರೆ ಬೋರ್‌ವೆಲ್ ನೀರು ಬಿಟ್ಟಿದ್ದಾರೆ, ಬಿಂದಿಗೆ ಇಡಿ ಎಂದು ಅರ್ಥ. ಬಿಟ್ಟು ಬಿಟ್ಟು ಎರಡು ಸಲ ಬಂದರೆ ಮೋಡ ಕವಿದಿದೆ, ತಾರಸಿ ಮೇಲಿನ ಬಟ್ಟೆ ತೆಗೆಯಿರಿ. ನಿಲ್ಲದೆ ಬಡಿದುಕೊಳ್ಳುತ್ತಲೇ ಇದ್ದರೆ ನಿಮ್ಮನ್ನು ಕೇಳಿಕೊಂಡು ಗೇಟಿನ ಹತ್ತಿರ ಯಾರೋ ಬಂದಿದ್ದಾರೆ. ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಹಾಗೆಂದು ಇಷ್ಟು ಹೇಳುವುದಕ್ಕೆ ಫೋನ್ ಕಂಪನಿಗೆ ದುಡ್ಡು ಕೊಡುವ ಹೆಂಗಸೂ ಅಲ್ಲ.

ನಾನು ಮದುವೆಯಾಗಿ ಹೊಸದಾಗಿ ಅಲ್ಲಿಗೆ ಹೋದಾಗ ಈ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ವೈಟ್‌ಫೀಲ್ಡಿನ ಒಂದು ಆಸ್ಪತ್ರೆಯಲ್ಲಿ ನನಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟು. ಎರಡನೇ ಮಹಡಿಯ ಮನೆ ನಮ್ಮದು. ಬಂದ ವಾರದಲ್ಲೇ ಓನರ್ ಅಮ್ಮನ ಹೆಸರು ಫೋನಿನಲ್ಲಿ ಕಂಡಿತೆಂದು ಗಡಿಬಿಡಿಯಲ್ಲಿ ಎತ್ತಿ, ಹೇಳಿ ಅಕ್ಕ ಎಂದೆ. ಆ ಕಡೆಯಿಂದ ಒಂದು ನಿಟ್ಟುಸಿರು ಬಂತು, ಲೈನ್ ಕಟ್ ಆಯಿತು. ಕೆಳಗಿಳಿದು ಹೋದರೆ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ನಾನು ಎತ್ತಿದ್ದರಿಂದ ಅವರಿಗೆ ಒಂದು ನಿಮಿಷದ ದುಡ್ಡು ಹೋಯಿತಂತೆ. ಮಾತಾಡದೆ ಹೋಯಿತಲ್ಲ ಎಂಬುದೇ ಅವರಿಗೆ ಹೆಚ್ಚಿನ ಸಂಕಟ. "ಬಾಯಿ ನಂದು, ಮಾತು ನಂದು. ನಡುವೆ ಅವನ್ಯಾರಮ್ಮ ದುಡ್ಡು ಕೇಳಕ್ಕೆ?" ಎಂದು ಕೇಳಿದರು. ಆಮೇಲೆ ಅವರೇ ಒಳಗೆ ಕರೆದು ಬಿಸಿ ಬಿಸಿ ಅವರೆಕಾಳು ಸಾರು ಕೊಟ್ಟು ಕಳಿಸಿದರು.

ಅರವತ್ತರ ಆಸುಪಾಸಿನ, ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಊರಿನ ಹಳೆಯ ರೈತರ ಮನೆತನ. ಗಂಡ ತೀರಿಕೊಂಡಿದ್ದರು. ಮಗ ಮಂಜಣ್ಣ ನೀರಿನ ಟ್ಯಾಂಕರ್ ಓಡಿಸುತ್ತಿದ್ದ, ಸೊಸೆ ಶೋಭಾ ಮನೆ ನೋಡಿಕೊಳ್ಳುತ್ತಿದ್ದಳು. ಅಕ್ಕನಿಗೆ ಓದಲು ಬಾರದು, ಆದರೆ ಫೋನಿನ ಅಂಕಿಗಳು ಬೆರಳಿಗೆ ಗೊತ್ತು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗಲೂ ಫೋನು ರವಿಕೆಯೊಳಗೆ ಇರುತ್ತಿತ್ತು.

ಫೋನಿನ ವಿಷಯಕ್ಕೆ ಅವರನ್ನು ಕಂಡರೆ ಹೆದರುತ್ತಿದ್ದವನು ಕರೆನ್ಸಿ ಅಂಗಡಿಯ ಅನ್ವರ್. ಆ ಕಾಲದಲ್ಲಿ ನಾವೆಲ್ಲ ಫೋನಿಗೆ ಕರೆನ್ಸಿ ಹಾಕಿಸಿಕೊಳ್ಳುತ್ತಿದ್ದುದು ಅವನ ಹತ್ತಿರವೇ. ಕಂಪನಿಗಳು ವಾರಕ್ಕೊಂದು ಹೊಸ ಸ್ಕೀಮು ಬಿಡುತ್ತಿದ್ದವು. ಪಿಳ್ಳಮ್ಮಕ್ಕ ಅವನ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳಿ, ಕೊನೆಗೆ ಯಾವುದೂ ಬೇಡ ಎಂದು ಎದ್ದು ಬರುತ್ತಿದ್ದರು. ಒಳಬರುವ ಕರೆಗೆ ದುಡ್ಡಿಲ್ಲ ಎನ್ನುವುದೊಂದೇ ಅವರಿಗೆ ಒಪ್ಪಿಗೆಯಾದ ವಿಷಯ. ಬೇರೆಯವರು ಮಾಡಲಿ, ತಾವು ಕೇಳಿಸಿಕೊಳ್ಳುತ್ತಾರೆ.

ಒಂದು ಸಲ ಅವರ ಫೋನಿನಲ್ಲಿ ತಿಂಗಳು ತಿಂಗಳು ದುಡ್ಡು ತಾನಾಗಿಯೇ ಕಡಿಮೆಯಾಗತೊಡಗಿತು. ಅದೇ ಹೊತ್ತಿಗೆ ಸೊಸೆಯ ತವರಿನವರು, ಏನು ಅತ್ತೆಮ್ಮನವರಿಗೆ ಈ ವಯಸ್ಸಲ್ಲಿ ಇಂಥ ಹಾಡು ಎಂದು ನಗಾಡಿದ್ದರಂತೆ. ನಾನು ನನ್ನ ಫೋನಿನಿಂದ ಅವರ ನಂಬರಿಗೆ ಮಾಡಿ ನೋಡಿದೆ. ರಿಂಗಿನ ಬದಲು ಯಾವುದೋ ಸಿನಿಮಾದ ಪ್ರೇಮಗೀತೆ. ಎಲ್ಲೋ ಕೈತಪ್ಪಿ ಗುಂಡಿ ಒತ್ತಿ ಕಾಲರ್ ಟ್ಯೂನ್ ಹಾಕಿಸಿಕೊಂಡಿದ್ದರು. ಸ್ಪೀಕರಿನಲ್ಲಿ ಕೇಳಿಸಿದಾಗ ಅವರ ಮುಖ ಕೆಂಪಾಯಿತು.

"ನನ್ ಫೋನಾಗೆ ನಂಗೇ ಕೇಳ್ದಿರೋ ಆಡ್ಗೆ ನಾನ್ಯಾಕಮ್ಮ ದುಡ್ಡು ಕೊಡ್ಲಿ?"

ಕಸ್ಟಮರ್ ಕೇರಿಗೆ ಮಾಡಿ ಅವರ ಕೈಗೆ ಕೊಟ್ಟೆ. ಈ ನಂಬರಿಗೆ ದುಡ್ಡಿಲ್ಲ ತಾನೇ ಎಂದು ನನ್ನನ್ನು ಮೂರು ಬಾರಿ ಕೇಳಿ ಖಾತ್ರಿ ಮಾಡಿಕೊಂಡರು. ಹಾಡು ತೆಗೆಸುವ ಮಾತು ಬೇಗ ಮುಗಿಯಿತು. ಅವರು ಮಾತ್ರ ಫೋನ್ ಇಡಲಿಲ್ಲ. ಆ ಕಡೆಯ ಹುಡುಗಿ ಹಾವೇರಿಯವಳು ಎಂದು ಗೊತ್ತುಮಾಡಿಕೊಂಡರು. ಊಟ ಆಯಿತಾ, ಪಿ.ಜಿ.ಯಲ್ಲಿ ರೊಟ್ಟಿ ಮಾಡುತ್ತಾರಾ, ಅಮ್ಮನಿಗೆ ವಾರಕ್ಕೆ ಎಷ್ಟು ಸಲ ಮಾತಾಡುತ್ತೀಯ ಎಂದೆಲ್ಲ ವಿಚಾರಿಸಿದರು. ಆ ಹುಡುಗಿಯೂ ಪಾಪ, ನಗುತ್ತ ಉತ್ತರ ಹೇಳಿತು. ಆಮೇಲೆ ಎಷ್ಟೋ ದಿನ ಮಧ್ಯಾಹ್ನದ ಹೊತ್ತು ಪಿಳ್ಳಮ್ಮಕ್ಕ ಅದೇ ನಂಬರು ಒತ್ತಿ, ಆ ಹಾವೇರಿ ಹುಡುಗೀನ ಕೊಡಿ ಎಂದು ಕೇಳುತ್ತಿದ್ದರು. ಅವಳು ಮತ್ತೆ ಸಿಗಲೇ ಇಲ್ಲ. ಈ ಹೆಂಗಸಿನೊಳಗೆ ಇಷ್ಟು ಮಾತಿದೆಯೆಂದು ನನಗೆ ತಿಳಿದದ್ದು ಆಗಲೇ.

ಯಾರ ಜೊತೆ ಆಡಬೇಕಾಗಿದ್ದ ಮಾತು ಅದು ಎನ್ನುವುದನ್ನು ಶೋಭಾ ಹೇಳಿದಳು. ಅಕ್ಕನಿಗೆ ಒಬ್ಬಳೇ ತಂಗಿ, ರತ್ನಮ್ಮ. ಹೊಸಕೋಟೆ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅಪ್ಪ ಸತ್ತ ಮೇಲೆ ಕೆರೆಯ ಹತ್ತಿರದ ಹೊಲವನ್ನು ಅಪಾರ್ಟ್‌ಮೆಂಟಿನವರು ಕೇಳಿದರು. ಮಾರೋಣ ಎಂದು ಪಟ್ಟು ಹಿಡಿದವರು ಅಕ್ಕ, ಬೇಡವೆಂದು ಅತ್ತವರು ತಂಗಿ. ಕೊನೆಗೆ ರತ್ನಮ್ಮ ಸಹಿ ಹಾಕಿ, ಒಂದೂ ಮಾತಾಡದೆ ಬಸ್ ಹತ್ತಿದ್ದರಂತೆ. ನಾವಿದ್ದ ಮೂರು ಅಂತಸ್ತಿನ ವಠಾರ ಎದ್ದದ್ದು ಆ ಮಾರಾಟದ ದುಡ್ಡಿನಿಂದ. ಪಿಳ್ಳಮ್ಮಕ್ಕನ ಗಂಡ ತೀರಿಕೊಂಡಾಗ ರತ್ನಮ್ಮ ತಿಥಿಗೆ ಬಂದು, ದೂರದಲ್ಲಿ ನಿಂತು, ಊಟ ಮಾಡದೆ ಹೊರಟುಹೋದರು. ಅಲ್ಲಿಂದ ಈಚೆಗೆ ಇಬ್ಬರ ನಡುವೆ ಮಾತೇ ಇಲ್ಲ. ಮಂಜಣ್ಣ ಮಾತ್ರ ಆಗಾಗ ಚಿಕ್ಕಮ್ಮನನ್ನು ವಿಚಾರಿಸಿಕೊಳ್ಳುತ್ತಿದ್ದ.

ಹೀಗಿರುವಾಗ ಅನ್ವರ್ ಒಂದು ಹೊಸ ಪ್ಲಾನ್ ಹೇಳಿದ. ತಿಂಗಳಿಗೊಮ್ಮೆ ಇಷ್ಟು ಅಂತ ಕಟ್ಟಿದರೆ ಯಾವುದಾದರೂ ಒಂದು ನಂಬರಿಗೆ ಎಷ್ಟು ಬೇಕಾದರೂ ಮಾತಾಡಬಹುದು. ಆ ನಂಬರು ಯಾವುದೆಂದು ನಾವೇ ಆರಿಸಿ ಕೊಡಬೇಕು. ಪಿಳ್ಳಮ್ಮಕ್ಕ ಎಂದಿನಂತೆ ಅವನನ್ನು ಹಿಡಿದರು. "ದುಡ್ಡು ಕೊಟ್ಮ್ಯಾಕೆ ಅದು ಬಿಟ್ಟಿ ಎಂಗಾಯ್ತದೆ?" ಅನ್ವರ್ ಸೋತು ಮುಂದಿನ ಗಿರಾಕಿಯ ಕಡೆ ತಿರುಗಿದ.

ಆದರೆ ಈ ಸಲ ಅವರು ಆ ಪ್ಲಾನನ್ನು ಮನೆಗೂ ಹೊತ್ತುಕೊಂಡು ಬಂದರು. ವಾರವಿಡೀ ವಠಾರದಲ್ಲಿ ಅದೇ ಮಾತು. ತಿಂಗಳಲ್ಲಿ ಎಷ್ಟು ಹೊತ್ತು ಮಾತಾಡಿದರೆ ಕೊಟ್ಟ ದುಡ್ಡು ಗಿಟ್ಟುತ್ತದೆ, ಮಾತಾಡುವವರು ಒಂದು ವಾರ ಊರಲ್ಲಿಲ್ಲದಿದ್ದರೆ ಏನು ಗತಿ ಎಂದು ಎಲ್ಲರನ್ನೂ ಕೇಳಿದರು. ಕೆಳಗಿನ ಮನೆಯವರು, ಮಗನ ನಂಬರು ಕೊಡಿ ಎಂದರು. ಶೋಭಾ, ನಮ್ಮಮ್ಮನ ನಂಬರು ಕೊಟ್ಟರೆ ನಾನೂ ಮಾತಾಡಬಹುದು ಎಂದು ನಕ್ಕಳು. ಒಂದು ಭಾನುವಾರ ನನ್ನನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಅನ್ವರನಿಗೆ ಬಾಯಲ್ಲೇ ಒಂದು ನಂಬರು ಹೇಳಿದರು. ಯಾರದಕ್ಕ ಎಂದೆ. ರತ್ನೀದು ಎಂದರು. ವಾಪಸು ಬರುವಾಗ ದಾರಿಯಲ್ಲಿ ಅವರೇ ಹೇಳಿದರು.

"ದುಡ್ಡು ಕಟ್ಬಿಟ್ಟಿದೀನಲ್ಲ, ಈಗ ಮಾತಾಡ್ದೆ ಓದ್ರೆ ದಂಡ ಕಣಮ್ಮ. ಇಲ್ದಿದ್ರೆ ನಾನು ಮಾಡೋಳಲ್ಲ. ನನ್ ಬುದ್ದಿ ನಂಗೊತ್ತಿಲ್ವಾ?"

ಅವತ್ತು ಸಂಜೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಬರು ಒತ್ತಿದರು. ಅವರ ಫೋನಿನ ದನಿ ಎಷ್ಟು ಜೋರೆಂದರೆ ಆ ಕಡೆಯವರು ಕೆಮ್ಮಿದರೂ ಅಂಗಳಕ್ಕೆಲ್ಲ ಕೇಳಬೇಕು. ರತ್ನಮ್ಮ ಎತ್ತಿ, ಯಾರು ಎಂದರು. ಪಿಳ್ಳಮ್ಮಕ್ಕ ಸೆರಗು ಹಿಂಡುತ್ತ ಒಂದೇ ಉಸಿರಿಗೆ ಹೇಳಿದರು.

"ನಾನು ಕಣೇ, ಪಿಳ್ಳಿ. ದುಡ್ಡು ಕಟ್ಟಿದೀನಿ. ನಿನ್ ನಂಬರ್‌ಗೆ ಬಿಟ್ಟಿ. ಫೋನ್ ಮಡಗ್ಬೇಡ."

ಆ ಕಡೆ ಎಲ್ಲೋ ಒಂದು ಕರು ಕೂಗಿದ್ದು ಕೇಳಿಸಿತು.

"ಎಷ್ಟೊತ್ತು ಬಿಟ್ಟಿ?" ಎಂದರು ರತ್ನಮ್ಮ.

"ತಿಂಗ್ಳೆಲ್ಲ."

"ಅಂಗಾರೆ ಕೇಳ್ಕೋ," ಎಂದು ರತ್ನಮ್ಮ ಶುರುಮಾಡಿದರು.

ಅಂಥ ಜಗಳವನ್ನು ನಾನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಅವತ್ತು ಕತ್ತಲಾಗುವವರೆಗೂ ನಡೆಯಿತು, ಮಾರನೇ ದಿನ ಸಾರಿಗೆ ಒಗ್ಗರಣೆ ಹಾಕುವಾಗ ಮುಂದುವರಿಯಿತು. ಅಕ್ಕ ಫೋನನ್ನು ಕಿವಿಗೂ ಭುಜಕ್ಕೂ ಒತ್ತಿಕೊಂಡು ಕಾಯಿ ತುರಿಯುತ್ತ ಬೈಯುತ್ತಿದ್ದರು. ಆ ಕಡೆಯಿಂದ ಬೈಗುಳ ಬರುವಾಗ ತುರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಸಾಕಾದರೆ ಇಬ್ಬರೂ ಮಾತಿಲ್ಲದೆ ಫೋನ್ ಹಿಡಿದು ಕೂತಿರುತ್ತಿದ್ದರು. ದುಡ್ಡು ಓಡುತ್ತಿಲ್ಲವಲ್ಲ, ಯಾರಿಗೂ ಅವಸರವಿರಲಿಲ್ಲ.

ಒಂದು ಸಂಜೆ ನಾನು ನಲ್ಲಿಯ ಹತ್ತಿರ ಬಟ್ಟೆ ಜಾಲಿಸುತ್ತಿದ್ದೆ. ಮಾತು ಪಿಳ್ಳಮ್ಮಕ್ಕನ ಗಂಡ ತೀರಿಕೊಂಡ ದಿನಗಳಿಗೆ ಬಂದಿತ್ತು. ತಿಥಿಯಾದ ಮೇಲೆ ರತ್ನಮ್ಮ ಒಮ್ಮೆ ಫೋನ್ ಮಾಡಿದ್ದರಂತೆ. ಅಕ್ಕ ಒಂದೆರಡು ಮಾತು ಬಿರುಸಾಗಿ ಆಡುವಷ್ಟರಲ್ಲಿ ಆ ಕಡೆಯಿಂದ ಕಟ್ಟಾಗಿತ್ತಂತೆ. ನನ್ನ ಮುಖಕ್ಕೆ ಹೊಡೆದ ಹಾಗೆ ಮಡಗಿಬಿಟ್ಟೆಯಲ್ಲ, ಅದನ್ನು ಸಾಯುವವರೆಗೂ ಮರೆಯಲ್ಲ ಎಂದು ಅಕ್ಕ ಹೇಳುತ್ತಿದ್ದರು.

"ನಾನೆಲ್ಲಿ ಮಡಗ್ದೆ?" ರತ್ನಮ್ಮನ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಬಸ್‌ಸ್ಟ್ಯಾಂಡಿನ ಕಾಯಿನ್ ಫೋನಿಂದ ಮಾಡಿದ್ದು ಕಣಕ್ಕ. ಟೈಮ್ ಆಗೋಯ್ತು, ಕಟ್ಟಾಯ್ತು. ಇನ್ನೊಂದ್ ರೂಪಾಯಿ ಕಾಯಿನ್ನು ನನ್ತಾವ ಇರ್ಲಿಲ್ಲ. ಅಂಗಡಿಯೋನು ಚಿಲ್ರೆ ಕೊಡ್ಲಿಲ್ಲ."

ರತ್ನಮ್ಮ ಮುಂದುವರಿಸಿದರು. ಊಟ ಮಾಡದೆ ಹೋದದ್ದು ಕೋಪಕ್ಕಲ್ಲವಂತೆ. ಮನೆಯ ಮುಂದೆ ಎಲೆ ಹಾಕಿದ್ದರು. ಎದುರಿಗೆ, ಗೇಟಿನಾಚೆ, ಅಪ್ಪನ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟಿನ ಕಟ್ಟಡ ಕಾಣುತ್ತಿತ್ತು. ಅದನ್ನು ನೋಡಿಕೊಂಡು ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನಿಸಿ ಹೊರಟುಹೋದರಂತೆ. ಆ ದಿನ ಫೋನ್ ಮಾಡಿದ್ದು ಇದನ್ನು ಹೇಳುವುದಕ್ಕೇ.

ನಾನು ನಲ್ಲಿ ನಿಲ್ಲಿಸಿದೆ. ಪಿಳ್ಳಮ್ಮಕ್ಕ ಕಲ್ಲಿನ ಮೇಲೆ ಕೂತು ಕೆನ್ನೆ ಒರೆಸಿಕೊಳ್ಳುತ್ತಿದ್ದರು. "ಮಾರ್ಬೇಕಾಗಿತ್ತೋ ಬ್ಯಾಡ್ವೋ, ನಂಗೂ ಇವತ್ತಿನವರ್ಗೂ ಗೊತ್ತಾಗ್ಲಿಲ್ಲ ಕಣೇ," ಎಂದರು. "ಆ ಕಟ್ಟಡದ ಕಡೆ ನಾನೂ ತಿರುಗಿ ಕೂರಲ್ಲ." ಅವರು ಯಾವಾಗಲೂ ಗೇಟಿಗೆ ಬೆನ್ನು ಹಾಕಿ ಕೂರುವುದನ್ನು ನಾನು ದಿನಾ ನೋಡುತ್ತಿದ್ದೆ, ಕಾರಣ ಮಾತ್ರ ಅವತ್ತು ತಿಳಿಯಿತು.

ತಿಂಗಳು ಮುಗಿದಾಗ ಅನ್ವರ್, ಏನು ಆಂಟಿ, ಪ್ಲಾನ್ ಗಿಟ್ಟಿತಾ, ಮತ್ತೆ ಹಾಕಲಾ ಎಂದು ಕೇಳಿದ. ಅವರು ಗಂಭೀರವಾಗಿ ಯೋಚಿಸಿ, "ಆಕಪ್ಪ. ಇನ್ನೂ ಅವ್ಳ ಮದ್ವೆವರ್ಗೂ ಬಂದಿಲ್ಲ ಜಗಳ," ಎಂದರು. ಆದರೆ ನಮ್ಮ ವಿಷಯದಲ್ಲಿ ಜಿಪುಣತನ ಎಳ್ಳಷ್ಟೂ ಬದಲಾಗಲಿಲ್ಲ. ನೀರು ಬಿಟ್ಟರೆ ನಮಗೆ ಮೊದಲಿನಂತೆಯೇ ಒಂದೇ ರಿಂಗು.

ಮೊದಲು ಶೋಭಾಳ ಬಾಣಂತನಕ್ಕೆಂದು ರತ್ನಮ್ಮ ಬಂದು ಹತ್ತು ದಿನ ಇದ್ದರು. ಕೆಲವು ವರ್ಷಗಳ ಮೇಲೆ, ರತ್ನಮ್ಮನ ಗಂಡ ತೀರಿಕೊಂಡ ನಂತರ, ಮಕ್ಕಳಿಲ್ಲದ ತಂಗಿಯನ್ನು ಅಕ್ಕನೇ ಹೋಗಿ ಕರೆತಂದರು. ಬಾಡಿಗೆಗೆ ಕೇಳಿಕೊಂಡು ಬರುತ್ತಿದ್ದವರಿಗೆಲ್ಲ ಇಲ್ಲವೆಂದು, ಕೆಳಗಿನ ಒಂದು ಮನೆಯನ್ನು ಅವರಿಗೆ ಬಿಟ್ಟುಕೊಟ್ಟರು. ರತ್ನಮ್ಮ ಗಂಟುಮೂಟೆ ಇಳಿಸಿದ್ದು ಮಧ್ಯಾಹ್ನ, ಪಿಳ್ಳಮ್ಮಕ್ಕ ಅನ್ವರನ ಅಂಗಡಿಗೆ ಹೋಗಿ ಪ್ಲಾನ್ ತೆಗೆಸಿದ್ದು ಅದೇ ಸಂಜೆ. ಪಕ್ಕದಲ್ಲೇ ಇದ್ದಾಳಲ್ಲ, ಇನ್ನೇಕೆ ದಂಡ ಎಂದರು.

ಅಷ್ಟು ಹೊತ್ತಿಗೆ ನಾವು ಬ್ರೂಕ್‌ಫೀಲ್ಡಿಗೆ ಮನೆ ಬದಲಾಯಿಸಿದ್ದೆವು. ಕೊನೆಯ ಸಲ ನಾನು ಹೋದಾಗ ಅಕ್ಕ ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದಿದ್ದರು. ಹೊರಗೆ ಕೊಳಚೆ ತುಂಬಿದ ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬರುತ್ತಿತ್ತು, ಕಿಟಕಿಗೆ ಹಳೆಯ ಸೀರೆ ಅಡ್ಡ ಕಟ್ಟಿದ್ದರು. ರತ್ನಮ್ಮ ಕಾಲು ಒತ್ತುತ್ತ ಕೂತಿದ್ದರು. ಗಂಜಿಗೆ ಉಪ್ಪು ಜಾಸ್ತಿಯೆಂದು ಒಬ್ಬರು, ಕಮ್ಮಿಯೆಂದು ಒಬ್ಬರು. ನನ್ನ ಕೈಯಲ್ಲಿದ್ದ ಹೊಸ ಫೋನ್ ನೋಡಿ, ತಿಂಗಳಿಗೆ ಎಷ್ಟು ಕಟ್ಟುತ್ತೀಯ ಎಂದು ಅಕ್ಕ ಕೇಳಿದರು. ಹೇಳಿದೆ. ಯಾರಿಗೆ ಬೇಕಾದರೂ ಮಾತಾಡಬಹುದು ಎಂದೂ ಹೇಳಿದೆ. ಅಷ್ಟೂ ಜನರ ಹತ್ತಿರ ನಿನಗೆ ಮಾತಾಡುವುದಿದೆಯಾ ಎಂದರು, ನಿಜವಾಗಿ ತಿಳಿದುಕೊಳ್ಳುವವರ ಹಾಗೆ. ಇಲ್ಲ ಅಕ್ಕ ಎಂದೆ. ನನ್ನ ಕೈ ಹಿಡಿದುಕೊಂಡು ಹಾಗೆಯೇ ನಿದ್ದೆಹೋದರು.

ಅಕ್ಕ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಹನ್ನೊಂದನೇ ದಿನಕ್ಕೆ ಹೋದಾಗ ಎಲ್ಲರಿಗೂ ಬಡಿಸುತ್ತಿದ್ದ ರತ್ನಮ್ಮ, ನನಗೆ ಕೈತೊಳೆಯಲು ನೀರು ಕೊಡುತ್ತ, ನನ್ನ ನಂಬರನ್ನು ತಮ್ಮ ಫೋನಿಗೆ ಹಾಕಿಕೊಡು ಎಂದರು. ಆಮೇಲಿನ ಭಾನುವಾರ ನಾನು ಅಡುಗೆಮನೆಯಲ್ಲಿದ್ದಾಗ ಅವರ ಫೋನ್ ಬಂತು. ಮೊದಲು ಮಳೆ, ಆಮೇಲೆ ಮಂಜಣ್ಣನ ಮಗನ ಶಾಲೆ. ಶಾಲೆಯಿಂದ ಮಾತು ತಾನಾಗಿಯೇ ಅಕ್ಕನ ಕಡೆಗೆ ತಿರುಗಿತು. ಕೆರೆ ತುಂಬಿ ಕೋಡಿ ಹರಿಯುವ ದಿನಗಳಲ್ಲಿ ಪಿಳ್ಳಮ್ಮಕ್ಕ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸೊಂಟದುದ್ದ ನೀರು ದಾಟಿಸಿ ಆಚೆ ದಡದ ಶಾಲೆಗೆ ಬಿಡುತ್ತಿದ್ದರಂತೆ. ಬಿಟ್ಟು, ಅದೇ ನೀರಿನಲ್ಲಿ ವಾಪಸು ಬಂದು ದನ ಹೊಡೆದುಕೊಂಡು ಹೋಗುತ್ತಿದ್ದರಂತೆ.

"ನಾನು ತಿರುಗಿ ನೋಡಿದ್ರೆ ಬೈಯೋಳು," ಎಂದರು ರತ್ನಮ್ಮ. "ಒಳೀಕೋಗು, ಮೇಷ್ಟ್ರು ಬಂದ್ರು ಅನ್ನೋಳು. ತಾನು ಮಾತ್ರ ನೀರಾಗೇ ನಿಂತ್ಕಂಡು, ನಾನು ಒಳಗೋಗೋಗಂಟ ನೋಡೋಳು ಕಣಮ್ಮ." ಆಮೇಲೆ, ಕೆಲಸ ಐತಾ, ಮಡಗ್ಲಾ ಎಂದು ಕೇಳಿದರು.

ಇಲ್ಲ, ಹೇಳಿ ಎಂದೆ. ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತೆ.