‘ಅದೇನ್ರಿ’ ಅಂದರೆ

ರೇಣುಕಾ, ಆ ದಿನ ಕ್ಲಾಸಿನಲ್ಲಿ ನಾನು ಸುಳ್ಳು ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ — ಗೊತ್ತಿದ್ದೇ ಹೇಳಿದೆ. ನೀನು ಇಂಜಿನಿಯರಿಂಗನ್ನು ಮೊದಲ ವರ್ಷದಲ್ಲೇ ಬಿಟ್ಟು ಮೆಣಸಗಿಗೆ ವಾಪಸಾದದ್ದು ಆ ಸುಳ್ಳಿನಿಂದ. ಹನ್ನೊಂದು ವರ್ಷವಾಯಿತು. ನಿನಗಿದು ಗೊತ್ತಿಲ್ಲದ್ದೇನಲ್ಲ, ಆದರೆ ನನ್ನ ಬಾಯಿಂದ ನೀನು ಇನ್ನೂ ಕೇಳಿಲ್ಲ.

ನಾನು ನರಗುಂದದವಳು. ಸಿಇಟಿಯಲ್ಲಿ ಇಬ್ಬರಿಗೂ ಮೈಸೂರು ಕಡೆಯ ಒಂದೇ ಕಾಲೇಜು ಸಿಕ್ಕಿತು. ಇಬ್ಬರಿಗೂ ಸಿವಿಲ್, ಹಾಸ್ಟೆಲಿನಲ್ಲಿ ಒಂದೇ ಕೋಣೆ. ನಿನ್ನ ಅಪ್ಪ ಟ್ರಂಕು ಇಳಿಸಿ, ಬೆವರು ಒರೆಸಿಕೊಳ್ಳುತ್ತ ನನಗೆ ಹೇಳಿದ್ದರು, “ಇಕಿ ಕನ್ನಡ ಸಾಲ್ಯಾಗ ಕಲ್ತಾಕಿ. ನೀನs ಸ್ವಲ್ಪ ನೋಡ್ಕೋವಾ.” ಹೂಂ ಅಂದಿದ್ದೆ. ಮೊದಲ ವಾರವೇ ಮೆಸ್ಸಿನಲ್ಲಿ ನಾನು “ಸಾರು ಭಾಳ ಖಾರ ಐತಿ” ಅಂದದ್ದಕ್ಕೆ ಮೇಜಿನವರೆಲ್ಲ ನಕ್ಕರು. ಅಂದಿನಿಂದ ಊರಿನ ಮಾತು ನಾಲಿಗೆಗೆ ಬರದಂತೆ ನೋಡಿಕೊಂಡೆ. ಐತಿ ಹೋಗಿ ಇದೆ ಆಯಿತು, ಭಾಳ ಹೋಗಿ ತುಂಬಾ ಆಯಿತು. ನೀನು ಮಾತ್ರ ಇದ್ದ ಹಾಗೇ ಇದ್ದೆ. ನಿನ್ನ ಪಕ್ಕ ಕೂರುವುದೇ ನನಗೆ ಮುಜುಗರವಾಗತೊಡಗಿತ್ತು — ಇದನ್ನೂ ಹೇಳಿಬಿಡಬೇಕು.

ಎರಡನೇ ವಾರ ಡ್ರಾಯಿಂಗ್ ಕ್ಲಾಸಿಗೆ ಹೊಸ ಸರ್ ಬಂದರು. ಮೈಸೂರು ಕಡೆಯವರೇ, ಸ್ವಲ್ಪ ಸಿಡುಕು. ಹಾಜರಿ ಕರೆಯುತ್ತ ನಿನ್ನ ಹೆಸರಿಗೆ ಬಂದಾಗ ನೀನು ಡ್ರಾಯಿಂಗ್ ಬೋರ್ಡಿಗೆ ಹಾಳೆ ಅಂಟಿಸುತ್ತಿದ್ದೆ. ಗಡಬಡಿಸಿ ಎದ್ದು ನಿಂತು, ಊರಿನ ಶಾಲೆಯಲ್ಲಿ ಇಷ್ಟು ವರ್ಷ ಹೇಳಿದ್ದನ್ನೇ ಹೇಳಿದೆ —

“ಅದೇನ್ರಿ.”

ಇದ್ದೇನೆ ಸರ್, ಅಂತ. ನಮ್ಮ ಕಡೆ ಇದಕ್ಕಿಂತ ಮರ್ಯಾದೆಯ ಉತ್ತರವಿಲ್ಲ. ಅವರ ಕಿವಿಗೆ ಅದು ‘ಏನ್ರೀ ಅದು?’ ಎಂಬ ಉಡಾಫೆಯಾಗಿ ಬಿತ್ತು. “ಏನಮ್ಮಾ, ನನ್ನನ್ನೇ ಪ್ರಶ್ನೆ ಕೇಳ್ತೀಯಾ?” ಅಂದರು. ನೀನು ಕೈ ಕಟ್ಟಿಕೊಂಡು, ಇನ್ನಷ್ಟು ವಿನಯದಿಂದ, ಇನ್ನಷ್ಟು ಜೋರಾಗಿ ಅದನ್ನೇ ಹೇಳಿದೆ. ಕ್ಲಾಸು ಗೊಳ್ಳೆಂದು ನಕ್ಕಿತು. ಆಗ ನೀನು ನನ್ನ ಕಡೆ ಕೈ ತೋರಿಸಿದೆ. “ನಮ್ಮ ಕಡೆ ಹಿಂಗs ಅಂತೇವ್ರಿ ಸರ್. ಬೇಕಂದ್ರ ಇಕಿನ್ನ ಕೇಳ್ರಿ.”

ಅವರು ಕೇಳಿದರು. ನ್ಯಾಯವಾಗಿಯೇ ಕೇಳಿದರು, ತಪ್ಪನ್ನು ಅವರ ಮೇಲೆ ಹಾಕಲು ನನಗೆ ದಾರಿಯಿಲ್ಲ. “ನೀನೂ ಆ ಕಡೆಯವಳಾ? ನಿಮ್ಮಲ್ಲಿ ಹೀಗೆ ಹೇಳ್ತಾರಾ?”

“ಇಲ್ಲ ಸರ್. ನಾವೂ ಪ್ರೆಸೆಂಟ್ ಸರ್ ಅಂತಾನೇ ಹೇಳೋದು.”

ಆ ನಗು ನನ್ನ ಮೇಲೂ ಬೀಳಬಾರದು — ತಲೆಯಲ್ಲಿದ್ದದ್ದು ಅಷ್ಟೇ. ನೀನು ನನ್ನ ಮುಖ ನೋಡಿದೆ. ಸಿಟ್ಟಿರಲಿಲ್ಲ. ನನಗೆ ಪ್ರಶ್ನೆ ಸರಿಯಾಗಿ ಕೇಳಿಸಿಲ್ಲ ಎಂದುಕೊಂಡು ನೀನು ಕಾಯುತ್ತಿದ್ದೆ. ನಾನು ಪೆನ್ಸಿಲ್ ಚೂಪು ಮಾಡುತ್ತ ಕೂತೆ.

ಕ್ಷಮಾಪಣೆ ಪತ್ರ ಕೊಡಬೇಕು, ಇಂಗ್ಲಿಷಿನಲ್ಲಿ, ಪಾಲಕರ ಸಹಿ ಬೇಕು ಅಂದರು. ನಿನಗೆ ಬರೆಯಲು ಬರಲಿಲ್ಲ. ಬರೆದುಕೊಟ್ಟವಳೂ ನಾನೇ. ಬಸ್ಸು ಬದಲಿಸುತ್ತ ಅಷ್ಟು ದೂರದಿಂದ ಬಂದ ನಿನ್ನ ಅಪ್ಪ ಹಾಳೆ ಹಿಡಿದುಕೊಂಡು ನಿನ್ನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು. “ಇದರಾಗ ಏನ್ ಬರದೈತಿ?”

“ಸರ್‌ಗೆ ಎದುರ ಮಾತಾಡೇನಿ, ತಪ್ಪಾತು ಅಂತ್ರಿ.”

“ಖರೇನೇನವಾ?”

“ಹೌದ್ರಿ ಕಾಕಾ.”

ಅವರ ಮುಂದೆ ಮಾತ್ರ ಊರಿನ ಮಾತು ಸರಾಗವಾಗಿ ಬಂತು. ನೀನು ಏನೋ ಹೇಳಹೊರಟೆ. “ಸುಮ್ಮನಿರು” ಅಂದು ಅವರು ಸಹಿ ಹಾಕಿದರು.

ಮರುದಿನವೂ ನೀನು ಕ್ಲಾಸಿಗೆ ಬಂದೆ. ಆದರೆ ಹೆಸರು ಕರೆದಾಗ ನಿನ್ನ ಗಂಟಲಿನಿಂದ ಏನೂ ಹೊರಡಲಿಲ್ಲ — ‘ಅದೇನ್ರಿ’ಯೂ ಇಲ್ಲ, ಪ್ರೆಸೆಂಟೂ ಇಲ್ಲ. ತಲೆ ತಗ್ಗಿಸಿ ಗೆರೆ ಎಳೆಯುತ್ತಿದ್ದೆ. ಪಟ್ಟಿಯಿಂದ ತಲೆ ಎತ್ತದೆ ಹೆಸರು ಕರೆಯುವ ಕ್ಲಾಸುಗಳಲ್ಲಿ ಗೈರು ಬೀಳುತ್ತ ಹೋಯಿತು. ಪಕ್ಕದಲ್ಲೇ ಇದ್ದ ನಾನು ‘ಸರ್, ಇದ್ದಾಳೆ’ ಅನ್ನಬಹುದಿತ್ತು. ಒಂದು ದಿನವಾದರೂ... ಅನ್ನಲಿಲ್ಲ. ಸೆಮಿಸ್ಟರ್ ಕೊನೆಗೆ ಹಾಜರಿ ಸಾಲದವರ ಪಟ್ಟಿ ಅಂಟಿಸಿದರು. ಒಂದು ದಿನವೂ ಕ್ಲಾಸು ತಪ್ಪಿಸದ ನಿನ್ನ ಹೆಸರು ಅದರಲ್ಲಿತ್ತು. ಪರೀಕ್ಷೆಗೆ ಕೂರಿಸಲಿಲ್ಲ. ನೀನು ಟ್ರಂಕು ಕಟ್ಟಿದೆ.

ನೀನು ಹೋದ ಸಂಜೆ ನಾನು ಚಹಾ ಕುಡಿದು, ಖಾಲಿಯಾದ ನಿನ್ನ ಮೇಜಿನ ಮೇಲೆ ನನ್ನ ಪುಸ್ತಕ ಹರಡಿಕೊಂಡೆ. ಏನೂ ಅನಿಸಲಿಲ್ಲ. ಈಗಲೂ ಅಷ್ಟೇ. ಅಳು ಬಂದಿದ್ದರೆ ಹಗುರಾಗುತ್ತಿತ್ತೇನೋ, ಬರುವುದಿಲ್ಲ. ಬರಲಿ ಎಂದು ಕೇಳುವ ಹಕ್ಕೂ ನನಗಿಲ್ಲ.

ಈಗ ರೋಣದ ಕಚೇರಿಯೊಂದರಲ್ಲಿ ಇಂಜಿನಿಯರ್ ಆಗಿದ್ದೇನೆ. ಹೋದ ತಿಂಗಳು ನಿನ್ನ ಅಪ್ಪ ಮನೆಯ ನಕಾಶೆಯ ಕೆಲಸಕ್ಕೆ ಅಲ್ಲಿಗೆ ಬಂದಿದ್ದರು. ನೀನು ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೀ ಎಂದು ಅವರಿಂದಲೇ ತಿಳಿಯಿತು. ನನ್ನನ್ನು ನೋಡಿ ಭಾಳ ಖುಷಿಪಟ್ಟರು — ನೋಡು, ಬರೆಯುವಾಗ ಈಗ ಭಾಳ ಅಂತಲೇ ಬರುತ್ತದೆ. ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು, “ಇಕಿ ನಮ್ಮ ರೇಣುಕಾನ ಜೋಡಿ ಕಲ್ತಾಕಿ. ನಮ್ಮಾಕಿ ಮಾಸ್ತರಗ ಉಲ್ಟಾ ಮಾತಾಡಿ ಹಾಳ ಮಾಡ್ಕೊಂಡ್ಳು. ನಾ ಇನ್ನೂ ಬೈತಿರತೇನಿ ಅಕಿಗೆ.”

ಆಗಲಾದರೂ ಹೇಳಬೇಕಿತ್ತು. “ಕುಂದರ್ರಿ ಕಾಕಾ, ಚಾ ತರಸ್ತೇನಿ” ಅಂದೆ.

ಹನ್ನೊಂದು ವರ್ಷ ಆ ಮನೆಯಲ್ಲಿ ನೀನು ಮಾಡದ ತಪ್ಪಿಗೆ ಬೈಸಿಕೊಂಡಿದ್ದೀ. ನಿನ್ನ ಅಪ್ಪ ನಿನ್ನ ಮಾತು ನಂಬಲಿಲ್ಲ, ನನ್ನದು ನಂಬಿದರು. ಈ ಭಾನುವಾರ ಮೆಣಸಗಿಗೆ ಬರುತ್ತೇನೆ. ನಿನ್ನ ಕ್ಷಮೆ ಕೇಳುವುದಕ್ಕಲ್ಲ, ಕಾಕಾನ ಮುಂದೆ ಕೂತು ಎಲ್ಲವನ್ನೂ ಹೇಳುವುದಕ್ಕೆ. ನಾನು ಹೇಳುತ್ತಿರುವಾಗ ನೀನು ನಡುವೆ ಬಂದು, ‘ಇರ್ಲಿ ಬಿಡಪಾ, ಅಕಿನೂ ಸಣ್ಣಾಕಿ ಇದ್ಳು’ ಅನ್ನಬೇಡ. ನೀನು ಅನ್ನುವವಳೇ. ದಯವಿಟ್ಟು ಅನ್ನಬೇಡ.