ಖಾಲಿ ಸೈಲೆನ್ಸರ್

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಬೀಗುವುದು ಬೇಡ. ಆದರೆ ಈ ವರ್ಷ ಬಂದ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಒಂದು ಸೈಲೆನ್ಸರ್‌ಗೆ ಸಲ್ಲಬೇಕು. ನಮ್ಮ ಮನೆಯವರ ಪಿಕಪ್ ಗಾಡಿಯ ಸೈಲೆನ್ಸರ್.

ಸೇಡಂನಿಂದ ಚಿತ್ತಾಪುರದ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ನಮ್ಮವರು ಶಹಾಬಾದಿನಿಂದ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೇರಿಕೊಂಡು ಚಿಂಚೋಳಿಯವರೆಗೆ ಮುಟ್ಟಿಸುತ್ತಾರೆ. ಬೆಳಿಗ್ಗೆ ಕಲ್ಲಿಗೆ ಹೊರಟಾಗ ದಾರಿಯಲ್ಲಿ ನನ್ನನ್ನು ಶಾಲೆಗೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು ರೂಢಿ. ಮನೆಗೆ ಬಂದ ಮೇಲೆ ಅವರು ದಣಿದು ಒರಗುತ್ತಾರೆ, ನಾನು ನೋಟ್‌ಬುಕ್ ತಿದ್ದಲು ಕೂರುತ್ತೇನೆ. ಹೀಗಾಗಿ ಗಂಡ ಹೆಂಡತಿ ಮಾತಾಡಲು ನಮಗಿದ್ದ ಜಾಗ ಆ ಗಾಡಿಯ ಕ್ಯಾಬಿನ್ ಒಂದೇ. ಅದನ್ನೂ ಸೈಲೆನ್ಸರ್ ನುಂಗಿತು.

ಶಾಲೆ ಶುರುವಾದ ವಾರವೇ ವಾಡಿ ಹತ್ತಿರ ಗಾಡಿ ಒಂದು ಗುಂಡಿಗೆ ಇಳಿದು, ತುಕ್ಕು ಹಿಡಿದಿದ್ದ ಸೈಲೆನ್ಸರ್ ಒಡೆಯಿತು. ಅಂದಿನಿಂದ ಕ್ಯಾಬಿನ್ನಿನಲ್ಲಿ ಕಿರುಚದೆ ಮಾತಿಲ್ಲ. "ಜ್ವಾಳ ಬೀಸಿಸ್ಕೊಂಡ್ ಬರ್ರಿ" ಅನ್ನುವಷ್ಟು ಸಾಧುವಾದ ಮಾತೂ ಗಂಟಲು ಹರಿದು ಕೂಗಿದಾಗ ಜಗಳವೇ. ಬಸ್ಸಿಗೆ ಕಾಯುತ್ತಿದ್ದವರು ನಮ್ಮವರನ್ನು ಕನಿಕರದಿಂದ ನೋಡುತ್ತಿದ್ದರು. ಆ ಕನಿಕರ ನನಗೆ ಸಲ್ಲಬೇಕಾದದ್ದು ಎಂದು ಇಳಿದು ಹೇಳಿಬರೋಣ ಅನ್ನಿಸುತ್ತಿತ್ತು.

ಯಾಕೆಂದರೆ ಇಷ್ಟು ಕೂಗಿದರೂ ಅವರಿಂದ ಉತ್ತರವಿಲ್ಲ. "ಈ ಸಲ ಮಳಿಗಾಲದಾಗ ಒಂದ್ ಐತ್ವಾರ ಚಂದ್ರಂಪಳ್ಳಿ ಡ್ಯಾಮ್ ನೋಡ್ಲಿಕ್ಕಿ ಹೋಗೂಣೇನ್ರಿ?" ಎಂದು ನಾಲ್ಕು ಬಾರಿ ಕೇಳಿದೆ. ಅವರು ರಸ್ತೆ ನೋಡುತ್ತಲೇ ಇದ್ದರು. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ? ಮದುವೆಯಾಗಿ ಇಪ್ಪತ್ತು ವರ್ಷವಾದವಳಿಗೆ ಎರಡನೆಯದೇ ಮೊದಲು ತೋಚುತ್ತದೆ. ನಿಜ ಹೇಳುತ್ತೇನೆ, ನನಗೆ ಬಹಳ ನೋವಾಯಿತು. ಆಮೇಲೆ ಕೇಳುವುದನ್ನೇ ಬಿಟ್ಟೆ.

ಒಡೆದದ್ದನ್ನು ತೆಗೆದು ಹೊಸದು ಹಾಕಿಸಲು ಒಂದು ದಿನ ಸಾಕು ಎಂದುಕೊಂಡಿದ್ದೆ. ಎರಡು ತಿಂಗಳು ಹಿಡಿಯಿತು, ಅದೂ ಬರೀ ಆರಿಸುವುದಕ್ಕೆ. ವಾಡಿಯ ಚಹಾದಂಗಡಿಯಲ್ಲಿ ಕೂರುವ ಡ್ರೈವರುಗಳೆಲ್ಲ ಸಲಹೆಗಾರರಾದರು. ಕಂಪನಿಯದು ಸಪ್ಪೆ ಎಂದ ಒಬ್ಬ. ಹೊಳೆಯುವ ಸ್ಟೀಲಿನದು ಹಾಕಿಸು ಎಂದ ಇನ್ನೊಬ್ಬ. ಎರಡು ಬಾಯಿಯದೇ ಗಾಡಿಗೆ ಕಳೆ ಎಂದ ಮತ್ತೊಬ್ಬ. ಟ್ರ್ಯಾಕ್ಟರಿನ ಹಾಗೆ ಮೇಲಕ್ಕೆ ನಿಲ್ಲಿಸಿದರೆ ಹೇಗೆ ಎಂಬ ಚರ್ಚೆಗೇ ಒಂದು ವಾರ ಹೋಯಿತು. ನಮ್ಮವರು ಊಟದ ಮುಂದೆ ಫೋನಿಟ್ಟುಕೊಂಡು, ರೊಟ್ಟಿ ಮುರಿಯುತ್ತ, ಕಣ್ಣು ಮುಚ್ಚಿ ಯಾರ್‍ಯಾರದೋ ಗಾಡಿಗಳ ಸದ್ದು ಆಲಿಸುತ್ತಿದ್ದರು.

"ಇದ್ ಕೇಳು. ಈಗ ಇದ್ ಕೇಳು. ಫರಕ್ ಗೊತ್ತಾಯ್ತಾ?"

ನನಗೆ ಗೊತ್ತಾದದ್ದು ಪಲ್ಯ ತಣ್ಣಗಾಯಿತೆಂದು ಮಾತ್ರ. "ನಿಮಗ ಬೇಕಾಗಿದ್ದು ಸೈಲೆನ್ಸರೋ, ಬ್ಯಾಂಡ್ ಬಾಜಾನೋ?" ಎಂದೆ.

"ಗಾಡಿಗಿ ಒಂದ್ ಆವಾಜ್ ಬೇಕು. ಆವಾಜ್ ಇಲ್ಲಂದ್ರ ಇಂಜಿನ್‌ದಾಗ ದಮ್ ಇಲ್ಲ ಅಂತಾರ ಮಂದಿ."

ಸದ್ದಡಗಿಸಲೆಂದೇ ಹೆಸರು ಪಡೆದ ಸಾಮಾನನ್ನು ಸದ್ದಿಗಾಗಿ ಹುಡುಕುವ ಈ ಬುದ್ಧಿಗೆ ಏನೆನ್ನಲಿ? ಸಿಟ್ಟು ತಣಿಸಿಕೊಳ್ಳಲು ವ್ಯಾಕರಣಕ್ಕೆ ಹೋದೆ. ಕನ್ನಡದಲ್ಲಿ ಇದಕ್ಕೆ ಏನು ಹೆಸರಿಡಬಹುದು ಎಂದು ಯೋಚಿಸಿದಾಗ ವಿಸರ್ಗ ನೆನಪಾಯಿತು. ವಿಸರ್ಗವೆಂದರೆ ಹೊರಗೆ ಬಿಡುವುದು. ಬರೆಯುವಾಗ ಅದಕ್ಕೆ ಒಂದರ ಮೇಲೊಂದು ಎರಡು ದುಂಡು ಸೊನ್ನೆ, ಥೇಟ್ ನಮ್ಮವರು ಮೆಚ್ಚಿದ ಎರಡು ಬಾಯಿಯ ಸೈಲೆನ್ಸರ್. 'ದುಃಖ' ಎಂಬ ಮಾತಿನ ಹೊಟ್ಟೆಯೊಳಗೇ ಅದು ಕೂತಿರುವುದೇಕೆಂದು ಆಗ ನನಗೆ ಚೆನ್ನಾಗಿ ಅರ್ಥವಾಯಿತು.

ಕೊನೆಗೆ ನನ್ನ ಗೊಣಗಾಟ ತಾಳಲಾರದೆ ಅವರು ತೀರ್ಮಾನವನ್ನು ನನಗೇ ಬಿಟ್ಟರು. ಆರನೆಯ ತರಗತಿ ಗದ್ದಲವೆಬ್ಬಿಸಿದ್ದ ಹೊತ್ತಿಗೆ ಶಹಾಬಾದಿನಿಂದ ಗಾಡಿ ರಿಪೇರಿಯ ಮೌಲಾಸಾಬ್ ಮಿಸ್ತ್ರಿಯ ಫೋನ್ ಬಂತು.

"ಅಕ್ಕೋರ, ಶರಣಪ್ಪಣ್ಣೋರು ನಿಮಗ ಕೇಳಂದಾರ. ಸ್ಟೀಲಿಂದ್ ಹಾಕ್ಲೇನ್ರಿ? ಎರಡ್ ಬಾಯಿದು? ಹಿಂದ ಲೈಟ್ ಕೂಡ್ರಸ್ಲೇನ್ರಿ?"

"ಅವೆಲ್ಲ ಏನೂ ಬ್ಯಾಡ್ರಿ ಮಿಸ್ತ್ರಿ. ಖಾಲಿ ಸೈಲೆನ್ಸರ್ ಹಾಕ್ರಿ, ಸಾಕು."

"ಖಾಲಿ?"

"ಹೌದ್ರಿ, ಖಾಲಿ!"

ಸಂಜೆ ಗಾಡಿ ಇನ್ನೂ ಊರ ಹೊರಗಿರುವಾಗಲೇ ಅದರ ಸದ್ದು ಇಡೀ ಶಾಲೆಗೆ ಕೇಳಿಸಿತು. ಹೆಡ್‌ಮಾಸ್ತರರು ಹೊರಗೆ ಬಂದು ಆಕಾಶ ನೋಡಿದರು. ನಮ್ಮ ಕಡೆ ಖಾಲಿ ಎಂದರೆ 'ಬರೀ ಅಷ್ಟೇ' ಎಂದೂ ಅರ್ಥ. ಖಾಲಿ ಚಹಾ ಕುಡಿದು ಬಂದೆ ಎಂದರೆ ಜೊತೆಗೆ ತಿಂಡಿ ಇರಲಿಲ್ಲವೆಂದು, ಕಪ್ಪಿನಲ್ಲಿ ಚಹಾ ಇರಲಿಲ್ಲವೆಂದಲ್ಲ. ಆದರೆ ಮಿಸ್ತ್ರಿಗಳ ಭಾಷೆಯಲ್ಲಿ ಖಾಲಿ ಸೈಲೆನ್ಸರ್ ಎಂದರೆ ಹೊಟ್ಟೆಯೊಳಗೆ ಸದ್ದು ಹೀರುವುದನ್ನೆಲ್ಲ ಕಿತ್ತೆಸೆದು ಬರೀ ಡಬ್ಬಿ ಉಳಿಸಿದ್ದು. ಲೋಕದಲ್ಲಿ ಅದಕ್ಕಿಂತ ಜೋರಾಗಿ ಕೂಗುವುದು ಇನ್ನೊಂದಿಲ್ಲ. ಒಂದು ಪದಕ್ಕೆ ಎರಡು ಅರ್ಥ ಬಂದರೆ ಮಕ್ಕಳ ಅಂಕ ಕತ್ತರಿಸುವ ಕನ್ನಡದ ಅಕ್ಕೋರು ನಾನು!

ಬೈಯೋಣವೆಂದು ಕ್ಯಾಬಿನ್ ಹತ್ತಿದರೆ ನಮ್ಮವರ ಮುಖ ಅರಳಿತ್ತು. ಇಂಜಿನ್ ಬಂದ್ ಮಾಡಿ, "ನಿಂಗೂ ಆವಾಜ್ ಅಂದ್ರ ಭಾಳ ಸೇರ್ತದ ಅಂತ ನಂಗ್ ಗೊತ್ತೇ ಇರ್ಲಿಲ್ಲ" ಎಂದರು. ನಾನು ಪ್ರೀತಿಯಿಂದ ಸೋತೆನೆಂದು ತಿಳಿದಿದ್ದರು. ಆ ಮುಖಕ್ಕೆ ಏನು ಹೇಳಲಿ? ಎಂಟು ದಿನ ಕಿವಿಗೆ ಹತ್ತಿ ತುರುಕಿಕೊಂಡು ಓಡಾಡಿದೆ. ಒಂಬತ್ತನೆಯ ದಿನ ಮನೆಯಲ್ಲಿ ನಿಜ ಒಪ್ಪಿಕೊಂಡೆ. ಅವರು "ನಡಿ, ಬದಲಿ ಮಾಡೂಣ" ಎಂದರು, ಅಷ್ಟೇ.

ಭಾನುವಾರ ಇಬ್ಬರೂ ಶಹಾಬಾದಿಗೆ ಹೋದೆವು. "ಈ ಸಲ ಭರ್ತಿ ಇದ್ದದ್ದು ಹಾಕ್ರಿ" ಎಂದೆ. ಮೌಲಾಸಾಬ್ ನನ್ನಿಂದ ಎರಡು ಸಲ ಅದನ್ನೇ ಹೇಳಿಸಿ, ಕಂಪನಿಯ ಸಪ್ಪೆ ಸೈಲೆನ್ಸರನ್ನೇ ಕೂರಿಸಿದ.

ವಾಪಸು ಬರುವಾಗ ಕ್ಯಾಬಿನ್ನಿನಲ್ಲಿ ನನ್ನ ಬಳೆ ಸದ್ದೂ ಕೇಳಿಸುತ್ತಿತ್ತು. ಮಾತಿಗೆ ಇಷ್ಟೆಲ್ಲ ಹೋರಾಡಿದವಳಿಗೆ ಮಾತೇ ಹೊಳೆಯಲಿಲ್ಲ. ವಾಡಿ ದಾಟಿದ ಮೇಲೆ, "ಗಿಡದ ಮ್ಯಾಲ ಸಿಮೆಂಟ್ ಧೂಳ ಎಷ್ಟ್ ಕುಂತದ ನೋಡ್ರಿ" ಎಂದೆ.

"ಹ್ಞೂಂ."

ಮೀಸೆ ಕೂಡ ಅಲುಗಲಿಲ್ಲ. ಆದರೆ ಕೇಳಿಸಿತು.

"ಮಳಿ ಬರೂ ಹಂಗ ಅದ."

"ಹ್ಞೂಂ."

"ರೀ, ಇಷ್ಟ್ ದಿನಾನೂ ನೀವ್ ಹಿಂಗೇ ಹ್ಞೂಂ ಅಂತಿದ್ರೇನು?"

"ಮತ್ತ? ಎಲ್ಲಾದಕ್ಕೂ ಅಂದೀನಿ."

"ಚಂದ್ರಂಪಳ್ಳಿಗಿ ಹೋಗೂಣ ಅಂದದ್ದಕ್ಕ?"

"ನಾಕ್ ಸಲಾನೂ ಅಂದೀನಿ," ಎಂದರು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಐದನೇ ಸಲ ನೀ ಕೇಳ್ಲೇ ಇಲ್ಲ."

ಗಾಡಿ ಸದ್ದಿಲ್ಲದೆ ಓಡುತ್ತಿತ್ತು. ನಾನು ಐದನೆಯ ಸಲ ಕೇಳಿದೆ, ಮೆಲ್ಲಗೆ.